ಹೊಟ್ಟಿನ ಬೆಂಕಿಯಲ್ಲಿ ಬೀಡಿನ ಬೆಸುಗೆ: ನನ್ನ ಅನುಭವ

ಬೀಡು ಕಬ್ಬಿಣಕ್ಕೆ (ಕಾಸ್ಟ್ ಐರನ್) ಮನೆಯಲ್ಲಿ ವೆಲ್ಡಿಂಗ್ ಮಾಡಿದರೆ ನಿಲ್ಲುವುದಿಲ್ಲ ಎಂದು ನಮ್ಮ ಗಂಗಾವತಿಯಲ್ಲಿ ಗೇಟು-ಗ್ರಿಲ್ಲು ಮಾಡುವವರಿಂದ ಹಿಡಿದು ಅಕ್ಕಿ ಗಿರಣಿಯ ಫಿಟ್ಟರುಗಳವರೆಗೆ ಎಲ್ಲರೂ ಹೇಳುತ್ತಾರೆ. ಹಾಗೆ ಮನೆಯಲ್ಲೇ ಬೆಸೆದ ಟೇಲ್‌ಸ್ಟಾಕ್, ಅಂದರೆ ತಿರುಗುವ ದಂಡದ ಇನ್ನೊಂದು ತುದಿಗೆ ಆಸರೆ ಕೊಡುವ ಬೀಡಿನ ಭಾಗ, ಒಂದು ವರ್ಷಕ್ಕೂ ಮೇಲ್ಪಟ್ಟು ನನ್ನ ಲೇತಿನ (ಲೋಹ ಕಡೆಯುವ ಯಂತ್ರ) ಮೇಲೆ ಕುಳಿತು ಕೆಲಸ ಮಾಡಿದ ಮೇಲೆಯೇ ಇದನ್ನು ಬರೆಯುತ್ತಿದ್ದೇನೆ. ವೆಲ್ಡಿಂಗ್ ಯಂತ್ರ ಹಿಡಿದವರಿಗೆ ಆಂಪಿಯರ್, ರಾಡು, ಅರ್ಥಿಂಗ್ ಕುರಿತು ಹೇಳುವ ಅಗತ್ಯವಿಲ್ಲವಾದ್ದರಿಂದ ನೇರವಾಗಿ ವಿಷಯಕ್ಕೆ ಬರುತ್ತೇನೆ.

ಬಳ್ಳಾರಿಯ ಗುಜರಿ ಅಂಗಡಿಯೊಂದರಲ್ಲಿ ನಾಲ್ಕೂವರೆ ಅಡಿಯ ಹಳೆಯ ಲೇತ್ ತೂಕದ ಬೆಲೆಗಿಂತ ಸ್ವಲ್ಪವೇ ಹೆಚ್ಚಿಗೆ, ಸುಮಾರು 30 ಸಾವಿರ ರೂಪಾಯಿಗೆ ಸಿಕ್ಕಿತು. ಅಷ್ಟು ಅಗ್ಗಕ್ಕೆ ಸಿಗಲು ಟೇಲ್‌ಸ್ಟಾಕೇ ಕಾರಣ. ಲಾರಿಯಿಂದ ಇಳಿಸುವಾಗ ಬಿದ್ದು ಅದರ ಪಾದದ ಮೂಲೆಯಿಂದ ಬ್ಯಾರೆಲ್ (ಮುಂದೆ-ಹಿಂದೆ ಸರಿಯುವ ಕೊಳವೆ) ಕೂರುವ ರಂಧ್ರದ ಹತ್ತಿರದವರೆಗೆ ಗೇಣಿಗಿಂತ ತುಸು ಕಡಿಮೆ ಉದ್ದದ ಬಿರುಕು ಬಿಟ್ಟಿತ್ತು. ಗುಜರಾತಿನ ರಾಜಕೋಟ್‌ನಿಂದ ಹೊಸದನ್ನು ತರಿಸಲು ಸಾಗಣೆಯೂ ಸೇರಿ 12 ಸಾವಿರದ ಆಸುಪಾಸು ಹೇಳಿದರು. ಅದರ ಸೆಂಟರಿನ (ದಂಡದ ತುದಿಯನ್ನು ಹಿಡಿಯುವ ಮೊನೆ) ಎತ್ತರ ನನ್ನ ಲೇತಿನ ಬೆಡ್ಡಿಗೆ ಹೊಂದುವ ಖಾತ್ರಿಯನ್ನು ಮಾತ್ರ ಯಾರೂ ಕೊಡಲಿಲ್ಲ. ಪಕ್ಕದ ಓಣಿಯ ಫ್ಯಾಬ್ರಿಕೇಟರ್ ಒಮ್ಮೆ ನೋಡಿ, "ಬೀಡಿಗೆ ಬೆಸುಗಿ ನಿಲ್ಲಂಗಿಲ್ರೀ ಸರ, ಸುಮ್ನ ರಾಡು ಸುಡಬ್ಯಾಡ್ರಿ" ಎಂದರು.

ಟೇಲ್‌ಸ್ಟಾಕನ್ನು ಮುಟ್ಟುವ ಮೊದಲು ಒಡೆದ ಪಂಪಿನ ಕೇಸಿಂಗ್ ತುಂಡುಗಳನ್ನು ಕಿಲೋ ಲೆಕ್ಕದಲ್ಲಿ ತಂದು ಪ್ರಯೋಗ ಮಾಡಿದೆ. ಗೇಟು-ಗ್ರಿಲ್ಲಿಗೆ ಬಳಸುವ ಸಾಮಾನ್ಯ 6013 ರಾಡಿನಲ್ಲಿ ಬೆಸುಗೆಯ ಸಾಲು ಚೆನ್ನಾಗಿಯೇ ಕೂತಿತು. ಆದರೆ ತಣ್ಣಗಾಗುವಾಗ 'ಟಿಕ್' ಎಂಬ ಸದ್ದು ಬಂದು ಸಾಲಿನ ಅಂಚಿನುದ್ದಕ್ಕೂ ಕೂದಲೆಳೆಯ ಬಿರುಕು ಮೂಡಿತು, ಅರ ಹಾಕಿದರೆ ಗಾಜಿನ ಮೇಲೆ ಜಾರಿದಂತೆ ಜಾರಿತು. ಸ್ಟೇನ್‌ಲೆಸ್‌ನ 309 ರಾಡು ಇನ್ನೂ ವಿಚಿತ್ರ: ಸುತ್ತಿಗೆಯ ಒಂದೇ ಏಟಿಗೆ ಬೆಸುಗೆ ಇಡಿಯಾಗಿ ಕಿತ್ತುಬಂದು, ಅದರ ಬೆನ್ನಿಗೆ ಬೀಡಿನ ತೆಳು ಪದರವೊಂದು ಅಂಟಿಕೊಂಡಿತ್ತು, ಅಂದರೆ ಬೆಸುಗೆ ಹಿಡಿದಿತ್ತು, ಪಕ್ಕದ ಬೀಡು ಸೋತಿತ್ತು. ಒಂದು ಪೊಟ್ಟಣ 309 ಹೀಗೆ ನೀರಿನಲ್ಲಿ ಹೋಮವಾಯಿತು. ನಿಕ್ಕಲ್ ರಾಡನ್ನು ತಣ್ಣನೆಯ ತುಂಡಿಗೆ ಹಾಕಿದಾಗ ಹತ್ತರಲ್ಲಿ ಆರು-ಏಳು ನಿಂತವು. ಉಳಿದವು ಕೈಕೊಟ್ಟದ್ದು ಎಣ್ಣೆಯಿಂದ. ಹಳೆಯ ಬೀಡು ವರ್ಷಗಟ್ಟಲೆ ಕುಡಿದ ಎಣ್ಣೆ ಆರ್ಕ್ ತಾಗಿದೊಡನೆ ಕುದಿದು ಸಾಲಿನಲ್ಲಿ ತೂತು ಬಿಡುತ್ತದೆ. ಗ್ಯಾಸ್ ಟಾರ್ಚಿನಿಂದ ಎಣ್ಣೆ ಸುಡಲು ಹೋದರೆ ಒಂದು ಕಡೆ ಕೆಂಪಾಗಿ ಇನ್ನೊಂದು ಕಡೆ ತಣ್ಣಗೇ ಉಳಿಯುತ್ತಿತ್ತು. ಸಿಲಿಂಡರಿನ ಖರ್ಚು ಬೇರೆ.

ನಾನು ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕ ಬರೆಯುವವನು. ಭತ್ತದ ಹೊಟ್ಟಿನ ರಾಶಿ ಒಮ್ಮೆ ಹೊತ್ತಿಕೊಂಡರೆ ಉರಿಯೇಳದೆ ಒಳಗೊಳಗೇ ಹೊತ್ತುಗಟ್ಟಲೆ ಕನಲುವುದನ್ನು ದಿನವೂ ಕಾಣುತ್ತೇನೆ. ಆ ಬೂದಿಯ ಬಹುಭಾಗ ಸಿಲಿಕಾ. ಉಕ್ಕಿನ ಕಾರ್ಖಾನೆಗಳಲ್ಲಿ ಕರಗಿದ ಉಕ್ಕು ಬೇಗ ಆರದಂತೆ ಅದರ ಮೇಲೆ ಹೊದಿಸುವುದೂ ಇದೇ ಬೂದಿಯನ್ನು. ಬೀಡಿಗೆ ಬೇಕಾದದ್ದು ನಿಧಾನವಾಗಿ, ಎಲ್ಲ ಕಡೆ ಒಂದೇ ಸಮನಾಗಿ ಏರುವ ಬಿಸಿ ಮತ್ತು ಅದಕ್ಕಿಂತ ನಿಧಾನವಾದ ಇಳಿತ. ಕಾಯಿಸುವ ಒಲೆಯೂ ಆರಿಸುವ ಹೊದಿಕೆಯೂ ಒಂದೇ ಗುಡ್ಡೆಯಲ್ಲಿ ಏಕೆ ಸಿಗಬಾರದು ಎಂದು ಯೋಚಿಸಿದೆ. ಗಿರಣಿಯಲ್ಲಿ ಇದನ್ನು ಹೇಳಿದಾಗ ನಗದವರು ಕಡಿಮೆ.

ಎರಡು ಚೀಲ ಹೊಟ್ಟಿನ ನಡುವೆ ತುಂಡನ್ನು ಹೂತು, ಮೇಲಿನಿಂದ ಕೆಂಡವಿಟ್ಟು, ರಾತ್ರಿ ಬಿಟ್ಟೆ. ಬರೀ ಹೊಟ್ಟು ಅತಿಯಾಗಿ ಕಾಯುತ್ತದೆ. ಮೊದಲ ತುಂಡು ಮಂದ ಕೆಂಪಿಗೆ ತಿರುಗಿತ್ತು. ಆಮೇಲೆ ಹೊಟ್ಟಿಗೆ ಹಳೆಯ ಬೂದಿ ಬೆರೆಸಿ ಅದರ ವೇಗ ತಗ್ಗಿಸಿದೆ. ಯಾವ ಪ್ರಮಾಣದಲ್ಲಿ ಬೆರೆಸಿದೆ, ಗಾಳಿಗೆ ಎಲ್ಲಿ ತೂತು ಬಿಟ್ಟೆ ಎಂಬುದನ್ನು ಸದ್ಯ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ನಿಮ್ಮ ತುಂಡಿನ ಗಾತ್ರಕ್ಕೆ ನೀವೇ ಕಂಡುಕೊಳ್ಳಬೇಕಾದದ್ದು ಅದು. ಬಿಸಿಯನ್ನು ಅಳೆಯುವ ಬಗೆಯನ್ನು ಹೇಳಬಲ್ಲೆ: ಇನ್‌ಫ್ರಾರೆಡ್ ಥರ್ಮಾಮೀಟರ್ ಜೊತೆಗೆ, ರೇಡಿಯೊ ರಿಪೇರಿಯವರು ಬಳಸುವ 60/40 ಸೋಲ್ಡರ್ ತಂತಿಯನ್ನೂ ಶುದ್ಧ ಸೀಸದ ಚೂರೊಂದನ್ನೂ ತುಂಡಿಗೆ ಒತ್ತಿ ನೋಡಬೇಕು. ಸೋಲ್ಡರ್ 190 ಡಿಗ್ರಿಯೊಳಗೆ ಪೂರ್ತಿ ಕರಗುತ್ತದೆ, ಸೀಸ ಕರಗಲು 327 ಬೇಕು. ಮೊದಲನೆಯದು ಕರಗಿ ಎರಡನೆಯದು ಕರಗದಿದ್ದರೆ ಕೆಲಸಕ್ಕೆ ಕುಳಿತುಕೊಳ್ಳಬಹುದು. ಹೊಗೆ ನಿಂತಿದ್ದರೆ ಎಣ್ಣೆಯೂ ಬಹುಪಾಲು ಸುಟ್ಟುಹೋಗಿದೆ ಎಂದು ಅಂದಾಜಿಸಬಹುದು. ಒಂದು ಎಚ್ಚರಿಕೆ: ಆ ಬೂದಿ ಬಹಳ ನುಣ್ಣನೆಯ ಪುಡಿ, ಎದೆಗೆ ಒಳ್ಳೆಯದಲ್ಲ, ಮಾಸ್ಕ್ ಇಲ್ಲದೆ ಕೆದಕಬೇಡಿ.

ಟೇಲ್‌ಸ್ಟಾಕಿನ ಬಿರುಕು ಕಣ್ಣಿಗೆ ಕಂಡದ್ದಕ್ಕಿಂತ ಮುಂದಕ್ಕೆ ಹೋಗಿತ್ತು. ಸೀಮೆಎಣ್ಣೆ ಸವರಿ, ಚೆನ್ನಾಗಿ ಒರೆಸಿ, ಸೀಮೆಸುಣ್ಣ ಉಜ್ಜಿದರೆ ಬಿರುಕಿನೊಳಗಿನ ಎಣ್ಣೆ ಜಿನುಗಿ ಕಪ್ಪು ಗೆರೆ ಮೂಡುತ್ತದೆ. ಬಿರುಕು ಮುಂದಕ್ಕೆ ಓಡದಂತೆ ಆ ಗೆರೆಯ ಎರಡು ತುದಿಗೂ 4 ಮಿ.ಮೀ. ರಂಧ್ರ ಕೊರೆದೆ. ಬೆಸುಗೆ ತುಂಬಲು ಬಿರುಕಿನುದ್ದಕ್ಕೂ ವಿ ಗ್ರೂವ್ (ವಿ ಆಕಾರದ ಕಾಲುವೆ) ತೆಗೆಯಲು ಗ್ರೈಂಡರ್ ಬಳಸಿದರೂ ಕೊನೆಯ ಕೈ ಅರದ್ದೇ ಆಗಿರಬೇಕು. ಗ್ರೈಂಡಿಂಗ್ ಡಿಸ್ಕು ಬೀಡಿನ ಗ್ರಾಫೈಟನ್ನು ಮೇಲ್ಮೈಗೆ ಬಳಿದುಬಿಡುತ್ತದೆ, ಅದರ ಮೇಲೆ ಬೆಸುಗೆ ಸರಿಯಾಗಿ ಹತ್ತುವುದಿಲ್ಲ. ಬೆಸುಗೆ ಕುಗ್ಗುವಾಗ ಬ್ಯಾರೆಲ್ಲಿನ ರಂಧ್ರ ಸೊಟ್ಟಗಾಗದಿರಲಿ ಎಂದು, ಅದೇ ಲೇತಿನ ಚಕ್ಕಿನಲ್ಲಿ (ದಂಡವನ್ನು ಕಚ್ಚಿ ತಿರುಗಿಸುವ ಭಾಗ) ಮೈಲ್ಡ್ ಸ್ಟೀಲ್ ದಂಡವೊಂದನ್ನು 0.05 ಮಿ.ಮೀ. ಸಣ್ಣದಾಗಿ ತಿರುವಿ, ಗ್ರಾಫೈಟ್ ಪುಡಿ ಸವರಿ ಒಳಗಿಟ್ಟೆ. ಟೇಲ್‌ಸ್ಟಾಕ್ ಇಲ್ಲದಿದ್ದರೂ ಗಿಡ್ಡ ದಂಡ ತಿರುವಲು ತೊಂದರೆಯಿಲ್ಲವಲ್ಲ.

ಹೊಟ್ಟಿನಲ್ಲಿ ಕಾದ ಟೇಲ್‌ಸ್ಟಾಕನ್ನು ಬೆಸೆಯಲು ಬೆಳಗಿನ ಜಾವವನ್ನು ಆರಿಸಿಕೊಂಡೆ. ಬೇಸಿಗೆಯ ಮಧ್ಯಾಹ್ನ ನಮ್ಮಲ್ಲಿ ವೋಲ್ಟೇಜ್ 180ಕ್ಕೆ ಇಳಿಯುತ್ತದೆ. ಇನ್ವರ್ಟರ್ ಯಂತ್ರದ ಮೇಲೆ ಬರೆದ ಡ್ಯೂಟಿ ಸೈಕಲ್ (ಬಿಡುವು ಕೊಡದೆ ಎಷ್ಟು ಹೊತ್ತು ಬೆಸೆಯಬಹುದು ಎಂಬ) ಲೆಕ್ಕ 40 ಡಿಗ್ರಿ ಹವೆಗೆ ಹಾಕಿದ್ದು, ಇಲ್ಲಿ ಮೇ ತಿಂಗಳಲ್ಲಿ ಅದನ್ನು ಮೀರುವುದು ಮಾಮೂಲು. 3.15 ಮಿ.ಮೀ. ನಿಕ್ಕಲ್ ರಾಡನ್ನು 90 ಆಂಪಿಯರಿನ ಹತ್ತಿರ ಓಡಿಸಿದೆ. ಒಂದು ಸಲಕ್ಕೆ ಹೆಬ್ಬೆರಳಿನ ಉಗುರು-ಗೆಣ್ಣಿನಷ್ಟು, ಅಂದರೆ 25 ಮಿ.ಮೀ. ಮೀರದ ಸಾಲು. ಅದು ಇನ್ನೂ ಬಿಸಿಯಿರುವಾಗಲೇ ದುಂಡು ತಲೆಯ ಸುತ್ತಿಗೆಯಿಂದ, ಹೊಳಪು ಹೋಗಿ ಸಣ್ಣ ಸಣ್ಣ ಗುಳಿ ಮೂಡುವಷ್ಟು ಬಡಿಯಬೇಕು. ಕುಗ್ಗಲು ಹೊರಟ ಲೋಹವನ್ನು ಹಿಗ್ಗಿಸುವ ಈ ಬಡಿತವೇ ಅರ್ಧ ಕೆಲಸ. ಮುಂದಿನ ಸಾಲು ಬಿರುಕಿನ ಇನ್ನೊಂದು ತುದಿಯಲ್ಲಿ. ಸೋಲ್ಡರ್ ಕರಗುವುದು ನಿಂತರೆ ತುಂಡು ಮತ್ತೆ ಬೂದಿಯೊಳಕ್ಕೆ. ಎಂಟು-ಒಂಬತ್ತು ರಾಡು ಖರ್ಚಾದವು, ಒಂದೊಂದಕ್ಕೆ 100 ರೂಪಾಯಿಯ ಲೆಕ್ಕ. ಮುಗಿದೊಡನೆ ಅದೇ ಬಿಸಿ ಬೂದಿಯಲ್ಲಿ ಹೂತು ಮರುದಿನ ಸಂಜೆ ತೆಗೆದಾಗಲೂ ತುಂಡು ಬೆಚ್ಚಗಿತ್ತು. 'ಟಿಕ್' ಕೇಳಲೇ ಇಲ್ಲ.

ಸೀಮೆಸುಣ್ಣದ ಪರೀಕ್ಷೆಯಲ್ಲಿ ಗೆರೆ ಮೂಡಲಿಲ್ಲ. ಬೆಸುಗೆಯ ಪಕ್ಕದಲ್ಲೇ ಹಾದುಹೋಗುವ ಬೋಲ್ಟ್ ರಂಧ್ರವನ್ನು ಸಾಮಾನ್ಯ ಎಚ್‌ಎಸ್‌ಎಸ್ (ಹೈಸ್ಪೀಡ್ ಸ್ಟೀಲ್) ಬಿಟ್ ಕಿರುಚದೆ ಕೊರೆಯಿತು. ತಣ್ಣಗೆ ಬೆಸೆದ ತುಂಡುಗಳಲ್ಲಿ ಇದೇ ಬಿಟ್ಟಿನ ಮೂತಿ ಸುಟ್ಟಿತ್ತು, ಅವುಗಳಿಗೆ ಗೋಡೆ ಕೊರೆಯುವ ಕಾರ್ಬೈಡ್ ಬಿಟ್ಟನ್ನು ಹಸಿರು ಸಾಣೆಕಲ್ಲಿನಲ್ಲಿ ಚೂಪು ಮಾಡಿ ಬಳಸಬೇಕಾಗಿತ್ತು. ಅದೂ ಒಳ್ಳೆಯ ಉಪಾಯವೇ, ನೆನಪಿಟ್ಟುಕೊಳ್ಳಿ.

ಪಾದ ಮಾತ್ರ ಅಂದಾಜು 0.15 ಮಿ.ಮೀ. ತಿರುಚಿತ್ತು. ಮಾರ್ಕಿಂಗ್ ಬ್ಲೂ (ತಾಗಿದ ಕಡೆ ಗುರುತು ಬಿಡುವ ನೀಲಿ ಬಣ್ಣ) ಹಚ್ಚಿ, ಕೆಳಗಿನ ಬೇಸಿನ ಮೇಲೆ ಕೂಡಿಸಿ, ನೀಲಿ ಅಂಟಿದ ಕಡೆಯಷ್ಟೇ ಹಳೆಯ ಅರದಿಂದ ಮಾಡಿಕೊಂಡ ಸ್ಕ್ರೇಪರಿನಿಂದ ಕೆರೆಯುವುದು. ಬೆಸುಗೆಗಿಂತ ಹೆಚ್ಚು ಸಂಜೆಗಳನ್ನು ತಿಂದದ್ದು ಇದು. ಕೆರೆದ ಮೇಲೆ ಸೆಂಟರ್ ತಗ್ಗಾಯಿತು. ಚಕ್ಕಿಗೆ ಡಯಲ್ ಗೇಜ್ (ಸಣ್ಣ ವ್ಯತ್ಯಾಸವನ್ನೂ ಮುಳ್ಳಿನಿಂದ ತೋರಿಸುವ ಅಳತೆಯ ಸಾಧನ) ಕಟ್ಟಿ ಬ್ಯಾರೆಲ್ಲಿನ ಸುತ್ತ ತಿರುಗಿಸಿ ನೋಡಿ, ಮೊದಲು ಪಾದದಡಿಗೆ ತಂಪು ಪಾನೀಯದ ಅಲ್ಯೂಮಿನಿಯಂ ಡಬ್ಬಿಯ ತಗಡನ್ನು ಕೊಟ್ಟೆ, ಅದು ಹತ್ತಿರ ಹತ್ತಿರ 0.1 ಮಿ.ಮೀ. ದಪ್ಪವಿರುತ್ತದೆ, ಆಮೇಲೆ ಹಿತ್ತಾಳೆಯ ಶಿಮ್ (ಎತ್ತರ ಸರಿಮಾಡುವ ತೆಳು ತಗಡು) ಹಾಕಿದೆ. ಎರಡು ಸೆಂಟರುಗಳ ನಡುವೆ ಒಂದು ಅಡಿಯ ದಂಡ ತಿರುವಿದಾಗ ಟೇಲ್‌ಸ್ಟಾಕಿನ ಕಡೆ 0.06 ಮಿ.ಮೀ. ಹೆಚ್ಚು ದಪ್ಪ ಬಂತು, ಟೇಲ್‌ಸ್ಟಾಕನ್ನು ಅದರ ಅರ್ಧದಷ್ಟು ನನ್ನ ಕಡೆಗೆ ಸರಿಸಿದ ಮೇಲೆ ವ್ಯತ್ಯಾಸ 0.01ಕ್ಕೆ ಇಳಿಯಿತು. ಹೊಸ ಲೇತ್ ಇಟ್ಟುಕೊಂಡವರೂ ಒಮ್ಮೆ ತಮ್ಮದನ್ನು ಅಳೆದು ನೋಡಲಿ.

ಥರ್ಮಾಮೀಟರ್, ಹಾಳಾದ 309, ಹೊಟ್ಟು ತಂದ ಆಟೋ ಬಾಡಿಗೆ ಎಲ್ಲ ಸೇರಿ ದುರಸ್ತಿಗೆ 3 ಸಾವಿರದೊಳಗೆ ಮುಗಿಯಿತು. ಪಕ್ಕದ ಓಣಿಯವರೇ ಈಗ ಗಿರಾಕಿಗಳ ಒಡೆದ ಬೆಂಚ್ ವೈಸ್, ಪುಲ್ಲಿ, ಪಂಪಿನ ಪಾದಗಳನ್ನು ನನ್ನಲ್ಲಿಗೆ ಕಳಿಸುತ್ತಾರೆ. ರಾಡಿನ ಬೆಲೆ ಮತ್ತು ಮೇಲೊಂದಿಷ್ಟು ತೆಗೆದುಕೊಂಡು ಮಾಡಿಕೊಡುತ್ತೇನೆ. ವರ್ಷಗಟ್ಟಲೆ ಬೆಂಕಿಯುಂಡ ಎಂಜಿನ್ನಿನ ಎಗ್ಸಾಸ್ಟ್ ಮ್ಯಾನಿಫೋಲ್ಡು, ಒಲೆಯ ಜಾಲರಿಗಳನ್ನು ಮಾತ್ರ ವಾಪಸು ಕಳಿಸುತ್ತೇನೆ. ಆ ಬೀಡು ಒಳಗೇ ತುಕ್ಕು ತಿಂದಿರುತ್ತದೆ, ಅದಕ್ಕೆ ಯಾವ ಹೊಟ್ಟೂ ಯಾವ ನಿಕ್ಕಲ್ಲೂ ನೆರವಾಗಿಲ್ಲ.