ಅಮೆರಿಕದಲ್ಲಿ ಸದಸ್ಯತ್ವದ ಕ್ಲಿನಿಕ್: ಮೊದಲ ಶುಲ್ಕ ಪಡೆಯುವ ಮುನ್ನ ಮುಗಿಸಬೇಕಾದ ಕೆಲಸ

ವಿಮಾ ಕಂಪನಿಗೆ ಬಿಲ್ ಕಳಿಸದೆ, ರೋಗಿಯಿಂದಲೇ ತಿಂಗಳಿಗೆ ಇಂತಿಷ್ಟು ಎಂದು ಶುಲ್ಕ ಪಡೆದು ನಡೆಸುವ ಕ್ಲಿನಿಕ್‌ಗೆ ಅಮೆರಿಕದಲ್ಲಿ ಡೈರೆಕ್ಟ್ ಪ್ರೈಮರಿ ಕೇರ್ ಎಂದು ಹೆಸರು. ಅಲ್ಲಿರುವ ಕನ್ನಡಿಗ ವೈದ್ಯರು ಇಂಥದ್ದೊಂದನ್ನು ತೆರೆಯುವುದಾದರೆ ಜಾಗ ಹುಡುಕುವ ಮೊದಲೇ ಕಾಗದಪತ್ರದ ಕೆಲಸ ಶುರು ಮಾಡಬೇಕು. ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಇಲ್ಲಿ ಟೆಕ್ಸಾಸ್ ಅನ್ನು ಉದಾಹರಣೆಯಾಗಿ ಇಟ್ಟುಕೊಂಡಿದ್ದೇವೆ.

ಮೊದಲ ಕೆಲಸ ಸಂಸ್ಥೆಯ ನೋಂದಣಿ. ಟೆಕ್ಸಾಸ್‌ನಲ್ಲಿ ವೈದ್ಯಕೀಯ ಪರವಾನಗಿ ಇಲ್ಲದ ಸಾಮಾನ್ಯರು ವೈದ್ಯಕೀಯ ಸಂಸ್ಥೆಯ ಮಾಲೀಕರಾಗುವಂತಿಲ್ಲ. ಹಾಗಾಗಿ ಪರವಾನಗಿ ಪಡೆದ ವೃತ್ತಿಪರರ ಕಂಪನಿಯಾದ ಪಿಎಲ್ಎಲ್‌ಸಿ ಮಾಡುವಾಗ ಸಾಫ್ಟ್‌ವೇರ್ ಕೆಲಸದಲ್ಲಿರುವ ಗಂಡ ಅಥವಾ ಹೆಂಡತಿಯ ಹೆಸರನ್ನು ಪಾಲುದಾರರೆಂದು ಸೇರಿಸಬೇಡಿ. ಸಂಬಳದ ಮೇಲೆ ಅವರು ಲೆಕ್ಕಪತ್ರ ನೋಡಿಕೊಳ್ಳಬಹುದು.

ಆಮೇಲೆ ಸದಸ್ಯರ ಕರಾರು. ತಿಂಗಳ ಶುಲ್ಕ ಕಟ್ಟಿ ಎಷ್ಟು ಸಲ ಬೇಕಾದರೂ ಬನ್ನಿ ಎನ್ನುವ ಮಾತು ವಿಮೆ ಮಾರಿದಂತೆಯೇ ಕೇಳಿಸುತ್ತದೆ. ಪರವಾನಗಿಯಿಲ್ಲದೆ ವಿಮೆ ಮಾರಿದ ಆರೋಪ ಬರಬಾರದೆಂದು ಹಲವು ರಾಜ್ಯಗಳು ಪ್ರತ್ಯೇಕ ಕಾನೂನು ಮಾಡಿವೆ. ಟೆಕ್ಸಾಸ್ ಮಾಡಿದ್ದು 2015ರಲ್ಲಿ. ಇದು ವಿಮೆಯಲ್ಲ ಎಂಬುದನ್ನು ರೋಗಿಗೆ ಬರವಣಿಗೆಯಲ್ಲೇ ತಿಳಿಸಬೇಕು. ವಾಷಿಂಗ್ಟನ್ ರಾಜ್ಯದಲ್ಲಾದರೆ ವಿಮಾ ಆಯುಕ್ತರಿಗೆ ವರ್ಷವರ್ಷ ವರದಿಯನ್ನೂ ಕೊಡಬೇಕು.

ಹೆಚ್ಚಿನವರು ಎಡವುವುದು ಮೆಡಿಕೇರ್, ಅಂದರೆ ಮುಖ್ಯವಾಗಿ ಹಿರಿಯರಿಗಿರುವ ಸರ್ಕಾರಿ ಆರೋಗ್ಯ ವಿಮೆಯ ವಿಷಯದಲ್ಲಿ. 65 ದಾಟಿದ ಸದಸ್ಯರಿಂದ, ಮೆಡಿಕೇರ್ ಭರಿಸುವ ಸೇವೆಗೇ ನೀವು ಶುಲ್ಕ ಪಡೆಯುವುದಾದರೆ ಆ ಯೋಜನೆಯಿಂದ ವಿಧಿವತ್ತಾಗಿ ಹೊರಬರಬೇಕು. ಇದಕ್ಕೆ ಆಪ್ಟ್ ಔಟ್ ಎನ್ನುತ್ತಾರೆ. ನೀವು ಈಗಾಗಲೇ ಮೆಡಿಕೇರ್‌ನ ಪಾರ್ಟಿಸಿಪೇಟಿಂಗ್ ವೈದ್ಯರಾಗಿದ್ದರೆ (ಅಂದರೆ ಅದರ ದರವನ್ನೇ ಪೂರ್ಣ ಶುಲ್ಕವೆಂದು ಒಪ್ಪಿ ಸಹಿ ಮಾಡಿದವರಾಗಿದ್ದರೆ) ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ 1ರಂದು ಮಾತ್ರ ಅದು ಜಾರಿಗೆ ಬರುತ್ತದೆ, ಅಫಿಡವಿಟ್ ಕನಿಷ್ಠ 30 ದಿನ ಮೊದಲೇ ತಲುಪಿರಬೇಕು. ಒಂದು ದಿನ ತಪ್ಪಿದರೂ ಮೂರು ತಿಂಗಳು ಕಾಯಬೇಕು. ಉಳಿದವರು ಮೊದಲ ಖಾಸಗಿ ಕರಾರಿಗೆ ಸಹಿಯಾದ 10 ದಿನದೊಳಗೆ ಅಫಿಡವಿಟ್ ಸಲ್ಲಿಸಿದರೆ ಸಾಕು. ಒಬ್ಬೊಬ್ಬ ಮೆಡಿಕೇರ್ ರೋಗಿಯ ಜೊತೆಗೂ ಬೇರೆ ಬೇರೆ ಕರಾರು ಬೇಕು, ಅಕ್ಷರ ಓದುವಷ್ಟು ದೊಡ್ಡದಿರಬೇಕು, ತುರ್ತು ಚಿಕಿತ್ಸೆಯ ಹೊತ್ತಿನಲ್ಲಿ ಸಹಿ ಹಾಕಿಸಿಕೊಳ್ಳುವಂತಿಲ್ಲ.

ಆಪ್ಟ್ ಔಟ್ ಅವಧಿ 2 ವರ್ಷ, ತಾನಾಗಿ ಮುಂದುವರಿಯುತ್ತದೆ. ಬೇಡವೆಂದರೆ ಅವಧಿ ಮುಗಿಯುವ 30 ದಿನ ಮೊದಲೇ ಬರೆದು ತಿಳಿಸಬೇಕು. ಅದು ಅನ್ವಯಿಸುವುದು ವೈದ್ಯರಿಗೆ, ಕ್ಲಿನಿಕ್‌ಗಲ್ಲ. ಸದಸ್ಯರು ಹೆಚ್ಚುವವರೆಗೆ ಖರ್ಚಿಗಾಗಲಿ ಎಂದು ವಾರಾಂತ್ಯದಲ್ಲಿ ಅರ್ಜೆಂಟ್ ಕೇರ್ ಎಂಬ ತಕ್ಷಣದ ಚಿಕಿತ್ಸೆಯ ಕೇಂದ್ರದಲ್ಲಿ ದುಡಿಯುವವರು ಇದನ್ನು ಗಮನಿಸಲೇಬೇಕು: ನಿಜವಾದ ತುರ್ತು ಚಿಕಿತ್ಸೆಯನ್ನು ಬಿಟ್ಟರೆ, ಅಲ್ಲಿ ನೀವು ನೋಡಿದ ಮೆಡಿಕೇರ್ ರೋಗಿಗಳ ಬಿಲ್ಲೂ ಪಾವತಿಯಾಗುವುದಿಲ್ಲ. ಮೊದಲ ಸಲ ಹೊರಬಂದವರಿಗೆ ಮಾತ್ರ 90 ದಿನದೊಳಗೆ ಹಿಂತಿರುಗುವ ಅವಕಾಶವಿದೆ.

ಶುಲ್ಕ ನಿಗದಿ ಮಾಡುವಾಗ ತೆರಿಗೆ ನಿಯಮವನ್ನೂ ನೋಡಿ. 2026ರ ಜನವರಿ 1ರಿಂದ ಸದಸ್ಯರು ತಮ್ಮ ಎಚ್ಎಸ್ಎ, ಅಂದರೆ ತೆರಿಗೆ ರಿಯಾಯಿತಿಯ ಆರೋಗ್ಯ ಉಳಿತಾಯ ಖಾತೆಯಿಂದ ಈ ಶುಲ್ಕ ಕಟ್ಟಬಹುದು. ಮಿತಿ ಒಬ್ಬರಿಗೆ ತಿಂಗಳಿಗೆ 150 ಡಾಲರ್, ಕುಟುಂಬಕ್ಕೆ 300. ಮುಂದಿನ ವರ್ಷಗಳಲ್ಲಿ ಇದು ಬೆಲೆಯೇರಿಕೆಗೆ ತಕ್ಕಂತೆ ಬದಲಾಗುತ್ತದೆ. ಆದರೆ ಲಸಿಕೆ ಬಿಟ್ಟು ಬೇರೆ ಪ್ರಿಸ್ಕ್ರಿಪ್ಷನ್ ಔಷಧಿಯನ್ನು ಪ್ಯಾಕೇಜಿನೊಳಗೆ ಸೇರಿಸಿದರೆ ಈ ಸೌಲಭ್ಯ ತಪ್ಪುತ್ತದೆ. ಕ್ಲಿನಿಕ್‌ನಲ್ಲೇ ಔಷಧಿ ಕೊಡುವುದಕ್ಕೂ ಟೆಕ್ಸಾಸ್‌ನಲ್ಲಿ ಬಿಗಿ ಮಿತಿಯಿದೆ.

ಇನ್ನುಳಿದವು ಸಣ್ಣವು, ಆದರೆ ಬಿಡುವಂತಿಲ್ಲ. ಬೆರಳು ಚುಚ್ಚಿ ಸಕ್ಕರೆ ನೋಡುವುದಕ್ಕೂ ಸಿಎಲ್ಐಎ ವೇವರ್ ಪ್ರಮಾಣಪತ್ರ (ಸರಳ ಪರೀಕ್ಷೆಗಳಿಗೆ ಕೇಂದ್ರ ಸರ್ಕಾರ ಕೊಡುವ ಪ್ರಯೋಗಾಲಯ ಅನುಮತಿ) ಬೇಕು. ಅರ್ಜಿ ನಮೂನೆ ಸಿಎಂಎಸ್-116. ನಿಯಂತ್ರಿತ ಔಷಧಿ ಬರೆಯಲು ಮಾದಕವಸ್ತು ನಿಯಂತ್ರಣ ಸಂಸ್ಥೆಯಾದ ಡಿಇಎಯಲ್ಲಿ ನೋಂದಣಿ, 3 ವರ್ಷಕ್ಕೆ 888 ಡಾಲರ್. ಕ್ಲಿನಿಕ್‌ನ ವಿಳಾಸ ಬದಲಾದರೆ ಡಿಇಎಗೂ ತಿಳಿಸಬೇಕು.

ಎಚ್-1ಬಿ ವೀಸಾದವರು ಇದೆಲ್ಲಕ್ಕೂ ಮೊದಲು ವಲಸೆ ವಕೀಲರನ್ನು ಕಾಣಲಿ. ಸ್ವಂತ ಸಂಸ್ಥೆಯೇ ಅರ್ಜಿ ಹಾಕಲು 2025ರ ಜನವರಿ 17ರ ನಿಯಮದಲ್ಲಿ ದಾರಿಯಿದೆ, ಆದರೆ ಆರಂಭದ ಅನುಮತಿ 18 ತಿಂಗಳಿಗೆ ಸೀಮಿತ. ಜೆ-1 ವೀಸಾದಲ್ಲಿ ಬಂದು, 2 ವರ್ಷ ತಾಯ್ನಾಡಿಗೆ ಮರಳಬೇಕೆಂಬ ಷರತ್ತಿನಿಂದ ವಿನಾಯಿತಿ ಪಡೆದವರು, ತಾವು ಒಪ್ಪಿದ ಊರಿನ 3 ವರ್ಷದ ಸೇವೆ ಮುಗಿಯುವವರೆಗೆ ಅಲ್ಲಿನ ಕೆಲಸ ಬಿಟ್ಟು ಬರುವಂತಿಲ್ಲ.