ಮಗು ಮಂಕಾಗಿದೆಯಾ? ಮೊದಲ ಮಾತು ಹೇಗೆ ತೆಗೆಯುವುದು

ಪಿಯುಸಿ ಹುಡುಗ ಕಾಲೇಜಿಂದ ಬಂದವನೇ ಬಾಗಿಲು ಹಾಕಿಕೊಳ್ಳುತ್ತಾನೆ. ಊಟಕ್ಕೆ ಕರೆದರೆ ಸಿಡುಕುತ್ತಾನೆ. ಮನೆಯವರು ‘ಸೊಕ್ಕು ಬಂದಿದೆ’ ಅಂತಾರೆ. ಎಷ್ಟೋ ಮನೆಗಳಲ್ಲಿ ಇದನ್ನು ನೋಡಿ ಹೊಟ್ಟೆ ಉರಿದಿದೆ, ಅದಕ್ಕೇ ಬರೆಯುತ್ತಿದ್ದೇನೆ. ಈ ವಯಸ್ಸಿನಲ್ಲಿ ಖಿನ್ನತೆ ಅಳುವಿಗಿಂತ ಸಿಟ್ಟಾಗಿ ಕಾಣುವುದೂ ಉಂಟು.

ಮೊದಲು ಗಮನಿಸಿ. ನಿದ್ದೆ, ಊಟ, ಗೆಳೆಯರು, ಇಷ್ಟದ ಆಟ, ಓದು ಎಲ್ಲವೂ ಎರಡು ವಾರದಿಂದ ಏರುಪೇರಾಗಿದ್ದರೆ ಅದು ಬರೀ ಬೇಜಾರಲ್ಲ. ‘ಸಾಯಬೇಕು’ ಅಂತ ಒಂದು ಸಲ ಅಂದರೂ ಎರಡು ವಾರ ಕಾಯಬೇಡಿ.

ಆಮೇಲೆ ಮಾತು. ಎಲ್ಲರೂ ಎಡವುವುದು ಇಲ್ಲೇ. ಅಪ್ಪ, ಅಮ್ಮ, ಸೋದರಮಾವ ಮೂವರೂ ಎದುರು ಕೂತು ‘ಏನಾಗಿದೆ ಹೇಳು’ ಅಂದರೆ ಅದು ಪೊಲೀಸ್ ವಿಚಾರಣೆ. ಒಬ್ಬರೇ ಮಾತಾಡಿ, ಕೈಯಲ್ಲಿ ಕೆಲಸ ಇರಲಿ, ಮುಖ ನೋಡಲೇಬೇಕು ಅಂತಿಲ್ಲ. ನಮ್ಮ ಪಕ್ಕದ ಮನೆಯಾಕೆ ಮಗಳ ಜೊತೆ ಅವರೆಕಾಯಿ ಬಿಡಿಸುತ್ತಾ ಕೂತರು. ಅರ್ಧ ಮೊರ ತುಂಬುವವರೆಗೂ ಏನೂ ಕೇಳಲಿಲ್ಲ. ಕೊನೆಗೆ ಹುಡುಗಿಯೇ ತಲೆ ಎತ್ತದೆ, ‘ಅಮ್ಮಾ, ನಂಗೆ ಬೆಳಿಗ್ಗೆ ಏಳೋಕೇ ಆಗ್ತಿಲ್ಲ’ ಅಂದಳು. ಆಗ ‘ನಿಂಗೇನು ಕಡಿಮೆ ಮಾಡಿದೀವಿ?’ ಅನ್ನಬೇಡಿ. ‘ನಮ್ಮ ಕಾಲದಲ್ಲಿ’ ಅಂತಲೂ ಶುರು ಮಾಡಬೇಡಿ. ‘ಎಷ್ಟು ದಿನದಿಂದ ಹೀಗಾಗ್ತಿದೆ ಪುಟ್ಟಾ?’ ಅಂತ ಕೇಳಿ, ಸುಮ್ನೆ ಇರಿ. ಆ ಮೌನ ಕಷ್ಟ, ಆದರೂ ನೀವು ತುಂಬಬೇಡಿ. ಮಾತು ಸಾಗಿದ ಮೇಲೆ ‘ಸಾಯುವ ಯೋಚನೆ ಬರುತ್ತಾ?’ ಅಂತಲೂ ನೇರವಾಗಿ ಕೇಳಿ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೋಗುತ್ತೆ ಅನ್ನುವುದು ತಪ್ಪು. ಹೌದು ಅಂದರೆ ಒಂಟಿಯಾಗಿ ಬಿಡಬೇಡಿ, ಮನೆಯಲ್ಲಿರುವ ಮಾತ್ರೆ, ಹೊಲದ ಔಷಧಿಗೆ ಬೀಗ ಹಾಕಿ, ಅವತ್ತೇ ಆಸ್ಪತ್ರೆಗೆ ಹೊರಡಿ.

ಮೊಬೈಲ್ ಕಿತ್ತುಕೊಂಡರೆ ಸರಿಹೋಗುತ್ತೆ ಅಂತ ಅಡ್ಡದಾರಿ ಹಿಡಿಯುವವರು ಜಾಸ್ತಿ. ಗೆಳೆಯರ ಜೊತೆ ಉಳಿದಿರುವ ಒಂದೇ ಎಳೆ ಅದಾಗಿರಬಹುದು ಅಲ್ವಾ? ಪರೀಕ್ಷೆ ಹೊತ್ತಿಗೆ ಮಾರುವ ನೆನಪಿನ ಶಕ್ತಿಯ ಟಾನಿಕ್ ಇದಕ್ಕೆ ಮದ್ದಲ್ಲ, ದುಡ್ಡು ದಂಡ.

ಎಲ್ಲಿಗೆ ಹೋಗಬೇಕು ತಿಳಿಯದಿದ್ದರೆ 14416ಕ್ಕೆ ಫೋನ್ ಮಾಡಿ. ಅದು 2022ರಲ್ಲಿ ಶುರುವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಟೆಲಿ ಮಾನಸ್. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯರನ್ನು ಕೇಳಿ.

ಮಾತ್ರೆ ಬರೆದುಕೊಟ್ಟರೆ ಗುಣ ಕಾಣಲು ಕೆಲವು ವಾರ ಬೇಕು. ಮೊದಲ ವಾರಗಳಲ್ಲಿ ಕಣ್ಣಿಟ್ಟಿರಿ, ಚಡಪಡಿಕೆ ಹೆಚ್ಚಾದರೆ ತಕ್ಷಣ ವೈದ್ಯರಿಗೆ ಹೇಳಿ. ನಗು ಬಂತು ಅಂತ ನೀವೇ ಮಾತ್ರೆ ನಿಲ್ಲಿಸಬೇಡಿ. ಡಬ್ಬಿ ನಿಮ್ಮ ಹತ್ತಿರವೇ ಇರಲಿ, ಆಯಾ ಹೊತ್ತಿನದು ನೀವೇ ಕೊಡಿ.