ಮೊದಲ ಪ್ಯಾರಾಕ್ಕೆ ಸ್ಟೈಲ್ ತಾಗದೇ ಇದ್ದಾಗ

ವೆಬ್ ಪುಟದಲ್ಲಿ ಲೇಖನದ ಮೊದಲ ಪ್ಯಾರಾದ ಅಕ್ಷರ ಮಾತ್ರ ದೊಡ್ಡದಾಗಿ ಕಾಣಬೇಕಿತ್ತು. ಪುಟದ ಅಂದ ಹೇಳುವ ಸಿಎಸ್‌ಎಸ್ ಫೈಲಿನಲ್ಲಿ 'ಫಸ್ಟ್-ಚೈಲ್ಡ್' ಸೆಲೆಕ್ಟರ್ (ಸ್ಟೈಲ್ ಯಾವುದಕ್ಕೆ ತಾಗಬೇಕು ಎಂದು ಹೇಳುವ ಭಾಗ) ಬರೆದೆ, ಏನೂ ಆಗಲಿಲ್ಲ. ಅದೇ ಫೈಲಿನ ಬೇರೆ ರೂಲ್‌ಗಳೆಲ್ಲ (ಸ್ಟೈಲ್ ಸೂಚನೆಗಳು) ಕೆಲಸ ಮಾಡುತ್ತಿದ್ದವು.

ಯಾವ ಭಾಗಕ್ಕೆ ಯಾವ ಸ್ಟೈಲ್ ತಾಗಿದೆ ಎಂದು ನೋಡಲು ಬ್ರೌಸರ್‌ನಲ್ಲಿ ಇನ್‌ಸ್ಪೆಕ್ಟ್ ತೆರೆದೆ. ಆ ಪ್ಯಾರಾದ ಸ್ಟೈಲ್ ಪಟ್ಟಿಯಲ್ಲಿ ನನ್ನ ರೂಲ್ ಇರಲೇ ಇಲ್ಲ. ಇದು ತುಂಬಾ ಒಳ್ಳೆಯ ಸುಳಿವು. ಬೇರೆ ರೂಲ್ ಗೆದ್ದಿದ್ದರೆ ನನ್ನದು ಗೆರೆ ಹೊಡೆದುಕೊಂಡು ಅಲ್ಲೇ ಕಾಣುತ್ತಿತ್ತು, ಅಲ್ವಾ? ಕಾಣದಿದ್ದರೆ ಸೆಲೆಕ್ಟರ್ ಆ ಎಲಿಮೆಂಟಿಗೆ (ಪುಟದ ಆ ಭಾಗಕ್ಕೆ) ತಾಗಿಲ್ಲ. ಆಗ ಸುಮ್ನೆ 'ಇಂಪಾರ್ಟೆಂಟ್' (ಬೇರೆ ರೂಲ್‌ಗಳನ್ನು ಮೀರಿಸುವ ಗುರುತು) ಸೇರಿಸಿ ಪ್ರಯೋಜನವಿಲ್ಲ.

ಕಾರಣ ಪುಟದ ರಚನೆ ಬರೆಯುವ ಎಚ್‌ಟಿಎಂಎಲ್‌ನಲ್ಲಿತ್ತು. ಪ್ಯಾರಾಕ್ಕೂ ಮುಂಚೆ ಒಂದು ಹೆಡಿಂಗ್ ಇತ್ತು. 'ಫಸ್ಟ್-ಚೈಲ್ಡ್' ಕೆಲಸ ಮಾಡಬೇಕಾದರೆ ಪೇರೆಂಟ್ (ಪ್ಯಾರಾವನ್ನು ಒಳಗೊಂಡ ಎಲಿಮೆಂಟ್) ಒಳಗಿನ ಮೊಟ್ಟಮೊದಲ ಎಲಿಮೆಂಟೇ ಪ್ಯಾರಾ ಆಗಿರಬೇಕು. ಒಂದೇ ಬಗೆಯ ಎಲಿಮೆಂಟ್‌ಗಳಲ್ಲಿ ಮೊದಲನೆಯದನ್ನು ಹಿಡಿಯುವ 'ಫಸ್ಟ್-ಆಫ್-ಟೈಪ್' ಹಾಕಿದೆ, ಸರಿಹೋಯಿತು. ಎಚ್‌ಟಿಎಂಎಲ್ ಬದಲಿಸಲು ಆಗುವ ಕಡೆ ನನಗೆ ಆ ಪ್ಯಾರಾಕ್ಕೇ ಕ್ಲಾಸ್ (ಗುರುತಿನ ಹೆಸರು) ಕೊಡುವುದೇ ಜಾಸ್ತಿ ಇಷ್ಟ. ಮೇಲೆ ಏನು ಸೇರಿಸಿದರೂ ಸ್ಟೈಲ್ ತಪ್ಪುವುದಿಲ್ಲ.